ಕೋಡಿಯ ನೀರು

ಕಾವ್ಯವನ್ನು ಪಾಠ ಹೇಳುವವರಿಗೆ ‘ಪ್ರಧಾನ’, ‘ಗೌಣ’ ಎಂಬ ಎರಡು ಮಾತುಗಳು ಕೈಯಲ್ಲಿನ ಸೀಮೆಸುಣ್ಣದಷ್ಟೇ ಬಳಕೆಯವು. ಇದು ಮುಖ್ಯ ಕಥೆ, ಇದು ಉಪಾಖ್ಯಾನ. ಇದು ಅಂಗಿರಸ, ಇದು ಅಂಗರಸ ಎಂದು ವಿಂಗಡಿಸಿಕೊಟ್ಟರೆ ವಿದ್ಯಾರ್ಥಿಗಳಿಗೂ ಬರೆದುಕೊಳ್ಳಲು ಸುಲಭ. ಜೀವರಸಾಯನಶಾಸ್ತ್ರದವರು ಸಹ ಇದೇ ಪರಿಭಾಷೆಯಲ್ಲಿ ಮಾತನಾಡುತ್ತಾರೆ. ನಾವು ಉಂಡ ಅನ್ನದ ಅಂಶಗಳು ದೇಹದೊಳಗೆ ಹಿಡಿಯುವ ಹಾದಿಗಳಲ್ಲಿ ಕೆಲವು ಪ್ರಧಾನ ಮಾರ್ಗಗಳಂತೆ, ಕೆಲವು ಗೌಣ ಮಾರ್ಗಗಳಂತೆ. ಆದರೆ ಅಲ್ಲಿ ಗೌಣವೆಂಬುದನ್ನು ನಿರ್ಣಯಿಸುವುದು ರಸವಲ್ಲ, ತಕ್ಕಡಿ. ಎಷ್ಟು ಪದಾರ್ಥ ಆ ದಾರಿಯಲ್ಲಿ ಹರಿಯಿತೆಂಬುದೊಂದೇ ಅಲ್ಲಿನ ಲೆಕ್ಕ. ಹಾಗೆ ತಕ್ಕಡಿಯಲ್ಲಿ ಹಗುರವಾಗಿ ಗೌಣವೆನಿಸಿದ ಒಂದು ದಾರಿ ಬತ್ತಿಹೋದುದರಿಂದ ಲಕ್ಷಾಂತರ ಬಡವರು ಚರ್ಮ ಬಿರಿದು, ಹೊಟ್ಟೆ ಕೆಟ್ಟು, ಬುದ್ಧಿ ಕದಡಿ ಸತ್ತರು. ಸ್ಪೇನಿನಲ್ಲಿ ಮೊದಲಾಗುವ ಆ ಕಥೆ ನಮ್ಮ ಜೋಳದ ನಾಡಿನವರೆಗೆ ಬಂದು ಮುಟ್ಟುತ್ತದೆ. ಈ ಲೇಖಕನು ವಿಜ್ಞಾನದ ಅಧ್ಯಾಪಕನಲ್ಲ. ಶಬ್ದಗಳ ಬೆನ್ನು ಹತ್ತಿ ಹೋಗುವವನು. ಹಾಗೆ ಹೋಗುವಾಗ ಎದುರಾದುದು ಟ್ರಿಪ್ಟೊಫಾನ್ ಎಂಬ ಶಬ್ದ.

ನಮ್ಮ ಮೈಯ ಪ್ರೋಟೀನುಗಳೆಲ್ಲ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರಮಾಲೆಗಳು. ಇವನ್ನು ವರ್ಣಮಾಲೆಯ ಅಕ್ಷರಗಳೆಂದು ಭಾವಿಸುವುದಾದರೆ ಟ್ರಿಪ್ಟೊಫಾನ್ ನಮ್ಮ ‘ಞ’ಕಾರದಂಥದು, ಬರುವುದು ಬಲು ಅಪರೂಪ, ಬರಬೇಕಾದಲ್ಲಿ ಬೇರೊಂದು ಅಕ್ಷರದಿಂದ ಕೆಲಸ ನಡೆಯದು. ಇದನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ೧೮೯೦ರಲ್ಲಿ ನಾಯ್‌ಮೈಸ್ಟರ್ ಎಂಬ ಜರ್ಮನ್ ವಿದ್ವಾಂಸರು ಈ ಹೆಸರನ್ನು ಕಟ್ಟಿದಾಗ ವಸ್ತು ಇನ್ನೂ ಕೈಗೆ ಸಿಕ್ಕಿರಲಿಲ್ಲ. ಟ್ರಿಪ್ಸಿನ್ ಎಂಬ ಜೀರ್ಣರಸದಿಂದ ಪ್ರೋಟೀನನ್ನು ಒಡೆದಾಗ ಏನೋ ಒಂದು ‘ಕಾಣಿಸಿಕೊಳ್ಳುತ್ತದೆ’ ಎಂಬಷ್ಟೇ ಆ ಹೆಸರಿನ ಅರ್ಥ. ಹೆಸರು ಮೊದಲು ಹುಟ್ಟಿ ಹೆಸರಾಂತದ್ದು ಅನಂತರ ಸಿಕ್ಕ ಉದಾಹರಣೆಗಳು ವಿಜ್ಞಾನದಲ್ಲಿ ಕಡಿಮೆಯೇನಲ್ಲ.

ಸಿಕ್ಕಿದ ಬಗೆಯೂ ಅಧ್ಯಾಪಕರಿಗೆ ರುಚಿಸುವಂಥದೇ. ಕೇಂಬ್ರಿಜ್ಜಿನಲ್ಲಿ ಫ್ರೆಡರಿಕ್ ಗೌಲೆಂಡ್ ಹಾಪ್‌ಕಿನ್ಸರು ವಿದ್ಯಾರ್ಥಿಗಳಿಂದ ಪ್ರೋಟೀನಿನ ಒಂದು ಮಾಮೂಲು ಪರೀಕ್ಷೆಯನ್ನು ಮಾಡಿಸುತ್ತಿದ್ದರು. ಅಸಿಟಿಕ್ ಆಮ್ಲವನ್ನೂ ಗಂಧಕಾಮ್ಲವನ್ನೂ ಬೆರೆಸಿದರೆ ನೇರಿಳೆ ಬಣ್ಣ ಬರಬೇಕು. ಒಬ್ಬ ವಿದ್ಯಾರ್ಥಿಗೆ ಬರಲಿಲ್ಲ. ‘ನಿನ್ನ ಕೈ ಸರಿಯಿಲ್ಲ’ ಎಂದು ಗದರಿ ಮುಂದಿನ ಮೇಜಿಗೆ ಹೋಗುವುದು ನಮ್ಮಲ್ಲಿ ಅನೇಕರ ಪದ್ಧತಿ. ಹಾಪ್‌ಕಿನ್ಸರು ಅಲ್ಲಿಯೇ ನಿಂತರು. ವಿಚಾರಿಸುತ್ತ ಹೋದರೆ ದೋಷವಿದ್ದುದು ಆ ಹುಡುಗನಲ್ಲಲ್ಲ. ಬಣ್ಣ ಬಂದವರ ಸೀಸೆಗಳಲ್ಲಿ! ಬಣ್ಣಕ್ಕೆ ಕಾರಣವಾದುದು ಅಸಿಟಿಕ್ ಆಮ್ಲವಲ್ಲ, ಅದರಲ್ಲಿ ಕಲಬೆರಕೆಯಾಗಿ ಸೇರಿದ್ದ ಗ್ಲೈಆಕ್ಸಿಲಿಕ್ ಆಮ್ಲ. ಹುಡುಗನ ಸೀಸೆಯಲ್ಲಿದ್ದುದು ಶುದ್ಧವಾದ ಆಮ್ಲ. ಆ ಸುಳಿವನ್ನು ಹಿಡಿದು ಹಾಪ್‌ಕಿನ್ಸರೂ ಸಿಡ್ನಿ ಕೋಲರೂ ೧೯೦೧ರಲ್ಲಿ, ಬಣ್ಣ ತಾಳುವ ಆ ವಸ್ತುವನ್ನೇ ಪ್ರೋಟೀನಿನಿಂದ ಬೇರ್ಪಡಿಸಿದರು. ೧೯೦೬ರಲ್ಲಿ ಹಾಪ್‌ಕಿನ್ಸರು ಈಡಿತ್ ವಿಲ್ಕಾಕ್ ಎಂಬ ವಿದುಷಿಯೊಡನೆ ಸೇರಿ, ಮೆಕ್ಕೆಜೋಳದಿಂದ ತೆಗೆದ ಜೀನ್ ಎಂಬ ಪ್ರೋಟೀನನ್ನಷ್ಟೇ ತಿನ್ನಿಸಿದ ಇಲಿಗಳು ಬಾಳವೆಂದೂ, ಅದಕ್ಕೆ ಟ್ರಿಪ್ಟೊಫಾನ್ ಬೆರೆಸಿದರೆ ಹೆಚ್ಚು ದಿನ ಬದುಕುವುವೆಂದೂ ತೋರಿಸಿದರು. ಮೆಕ್ಕೆಜೋಳದ ಹೆಸರು ಇಲ್ಲಿಯೇ ಬಂದಿತು. ವಾಚಕರು ಅದನ್ನು ನೆನಪಿನಲ್ಲಿಡಬೇಕು.

ಇನ್ನು ದಾರಿಗಳ ಮಾತು. ಮೈ ಕಟ್ಟಲು ಬೇಕಾದಷ್ಟು ಟ್ರಿಪ್ಟೊಫಾನ್ ಬಳಕೆಯಾದ ಮೇಲೆ ಮಿಕ್ಕದ್ದು ಸವೆದುಹೋಗಬೇಕಷ್ಟೆ. ಹಾಗೆ ಸವೆಯುವುದರಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಪಾಲು ಒಂದೇ ಹೆದ್ದಾರಿಯಲ್ಲಿ ಸಾಗುತ್ತದೆ; ಹೆಚ್ಚಾಗಿ ಯಕೃತ್ತಿನಲ್ಲಿ. ಆ ಹೆದ್ದಾರಿಯ ಹೆಸರು ಕಿನ್ಯುರೆನಿನ್ ಮಾರ್ಗ. ಹೆಸರನ್ನು ಬಿಡಿಸಿ ನೋಡಿದರೆ ಗ್ರೀಕ್ ಭಾಷೆಯ ನಾಯಿಯೂ ಮೂತ್ರವೂ ಅದರಲ್ಲಿವೆ. ೧೮೫೩ರಲ್ಲಿ ಲೀಬಿಗ್ ಮಹಾಶಯರಿಗೆ ನಾಯಿಯ ಮೂತ್ರದಲ್ಲಿ ಹೊಸದೊಂದು ಆಮ್ಲ ದೊರೆಯಿತು. ಕಿನ್ಯುರೆನಿಕ್ ಆಮ್ಲವೆಂದು ಕರೆದರು. ಅದು ಟ್ರಿಪ್ಟೊಫಾನಿನಿಂದಲೇ ಹುಟ್ಟುವುದೆಂದು ಎಲ್ಲಿಂಗರ್ ತೋರಿಸಿದುದು ೧೯೦೪ರಲ್ಲಿ. ವಿಚಿತ್ರವೆಂದರೆ, ಇಡೀ ಹೆದ್ದಾರಿಗೆ ಹೆಸರು ಕೊಟ್ಟ ಈ ಆಮ್ಲ ಹೆದ್ದಾರಿಯ ಮೇಲಿಲ್ಲ; ಅದರಿಂದ ಪಕ್ಕಕ್ಕೆ ಸಿಡಿದು, ಮುಂದೆ ಹೋಗದೆ ನಿಂತುಬಿಡುವ ಒಂದು ಓಣಿಯ ಕೊನೆಯ ಮನೆ ಅದು. ಓಣಿಯ ಮನೆಯವನ ಹೆಸರು ರಾಜಬೀದಿಗೆ ಬಂದಿದೆ.

ಉಳಿದ ಐದು ಪಾಲಿನಲ್ಲಿ ಏನೇನಿದೆ? ಒಂದೆರಡು ಪಾಲು ಸೆರೊಟೊನಿನ್ ಆಗುತ್ತದೆ. ಇದರ ಹೆಸರು ಈಗ ಎಲ್ಲರ ಬಾಯಲ್ಲಿಯೂ ಇದೆ. ಮನಸ್ಸಿನ ಏರಿಳಿತಗಳಿಗೆಲ್ಲ ಇದನ್ನೇ ಹೊಣೆ ಮಾಡುವುದು ರೂಢಿಯಾಗಿಬಿಟ್ಟಿದೆ. ಆದರೆ ಮೈಯಲ್ಲಿರುವ ಸೆರೊಟೊನಿನ್ನಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಇರುವುದು ಕರುಳಿನಲ್ಲಿ, ಮಿದುಳಿನಲ್ಲಲ್ಲ. ಅದರಿಂದ ಇನ್ನೊಂದು ಎಳೆ ಒಡೆದು, ಮಿದುಳಿನ ಪೀನಿಯಲ್ ಗ್ರಂಥಿಯಲ್ಲಿ ರಾತ್ರಿಯ ಹೊತ್ತು ಮೆಲಟೊನಿನ್ ಆಗುತ್ತದೆ. ಆರನ್ ಲರ್ನರ್ ಇದನ್ನು ೧೯೫೮ರಲ್ಲಿ ದನಗಳ ಗ್ರಂಥಿಗಳಿಂದ ಬೇರ್ಪಡಿಸಿದರು. ಇವುಗಳ ಬಗೆಗೆ ಬೇಕಾದಷ್ಟು ಬರೆದವರಿದ್ದಾರೆ. ನಾವು ಮುಂದೆ ಸಾಗೋಣ.

ಕಣ್ಣಿನ ಮಸೂರದಲ್ಲಿ ಒಂದು ಸಣ್ಣ ಕವಲಿದೆ. ಆಕ್ಸ್‌ಫರ್ಡಿನ ರೂತ್ ವಾನ್ ಹೇನಿಂಗೆನ್ ೧೯೭೧ರಲ್ಲಿ, ಮನುಷ್ಯನ ಮಸೂರದಲ್ಲಿ ಕಿನ್ಯುರೆನಿನ್ ಸಂತತಿಯ ವಸ್ತುವೊಂದು ಸಕ್ಕರೆಯೊಡನೆ ಬೆಸೆದುಕೊಂಡು ನೆಲೆಸಿರುವುದನ್ನು ಕಂಡುಹಿಡಿದರು. ಅದರ ಕೆಲಸ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಅಕ್ಷಿಪಟಕ್ಕೆ ಬೀಳದಂತೆ ತಡೆಯುವುದು. ನಾವು ಹುಟ್ಟುವಾಗಲೇ ತೊಟ್ಟು ಬಂದ ಕಪ್ಪುಕನ್ನಡಕವೆನ್ನಬಹುದು. ವಯಸ್ಸಾದಂತೆ ಇದೇ ಬಳಗದ ವಸ್ತುಗಳು ಮಸೂರದ ಪ್ರೋಟೀನುಗಳಿಗೆ ಅಂಟಿ ಅದನ್ನು ಹಳದಿಯಾಗಿಸುತ್ತವೆ. ಕಾಪಾಡಿದ್ದೇ ಕೊನೆಗೆ ಮಬ್ಬು ಕವಿಸುತ್ತದೆ. ಹಣ್ಣುನೊಣದಲ್ಲಿಯಾದರೆ ಇದೇ ಮಾರ್ಗ ಕಣ್ಣಿಗೆ ಕಂದುಬಣ್ಣವನ್ನು ಕೊಡುತ್ತದೆ. ಮಾರ್ಗದ ಮೊದಲ ಹೆಜ್ಜೆ ತಪ್ಪಿದ ನೊಣಕ್ಕೆ ಕಣ್ಣು ಕೆಂಡದಂತೆ ಕೆಂಪು. ಆ ಕೆಂಪುಕಣ್ಣಿನ ನೊಣಗಳ ಮೇಲೆ ೧೯೩೦ರ ದಶಕದಲ್ಲಿ ಕೆಲಸ ಮಾಡಿದ ಬೀಡಲ್ ಎಂಬವರು, ಒಂದೊಂದು ಜೀನ್ ಒಂದೊಂದು ಕಿಣ್ವಕ್ಕೆ ಒಡೆಯ ಎಂಬ ತತ್ತ್ವದೆಡೆಗೆ ನಡೆದು ೧೯೫೮ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ದೊಡ್ಡಕರುಳಿಗೆ ಇಳಿದ ಟ್ರಿಪ್ಟೊಫಾನಿನದು ಇನ್ನೊಂದೇ ಪಾಡು. ಅಲ್ಲಿಯ ಬ್ಯಾಕ್ಟೀರಿಯಗಳು ಅದನ್ನು ಇಂಡೋಲ್ ಮಾಡುತ್ತವೆ. ಮಲದ ದುರ್ಗಂಧದಲ್ಲಿ ಇಂಡೋಲಿಗೆ ದೊಡ್ಡ ಪಾಲಿದೆ. ಮಲ್ಲಿಗೆ ಜಾತಿಯ ಹೂಗಳ ಪರಿಮಳದಲ್ಲಿಯೂ ಇರುವುದು ಇದೇ ಇಂಡೋಲ್! ಹೆಚ್ಚಾದರೆ ಹೇಸಿಗೆ, ಇಷ್ಟೇ ಇಷ್ಟಾದರೆ ಹೂವು. ಬೀಭತ್ಸಕ್ಕೂ ಶೃಂಗಾರಕ್ಕೂ ನಡುವೆ ನಮ್ಮ ಆಲಂಕಾರಿಕರು ಇಟ್ಟಿದ್ದ ದೂರ ರಸಾಯನಶಾಸ್ತ್ರದಲ್ಲಿ ಇಲ್ಲ. ಆ ಹೆಸರಿನಲ್ಲಿ ನಮ್ಮ ದೇಶವೂ ಅಡಗಿದೆ. ಭಾರತದಿಂದ ಹೋದ ನೀಲಿಗೆ ಯೂರೋಪಿನವರು ಇಂಡಿಗೋ ಎಂದರು. ೧೮೬೬ರಲ್ಲಿ ಬೇಯರ್ ಆ ನೀಲಿಯಿಂದ ಪಡೆದ ವಸ್ತುವಿಗೆ ಇಂಡೋಲ್ ಎಂದರು. ಕರುಳಿನ ಇಂಡೋಲ್ ಯಕೃತ್ತಿನಲ್ಲಿ ರೂಪ ಬದಲಿಸಿ ಮೂತ್ರಕ್ಕೆ ಇಳಿಯುತ್ತದೆ. ಬಹುಕಾಲ ಕೊಳವೆ ಹಾಕಿಸಿಕೊಂಡು ಮಲಗಿರುವ ರೋಗಿಗಳಲ್ಲಿ ಕೆಲವೊಮ್ಮೆ ಮೂತ್ರದ ಚೀಲವೇ ನೇರಿಳೆ ಬಣ್ಣಕ್ಕೆ ತಿರುಗಿ ಮನೆಯವರನ್ನು ಹೆದರಿಸುವುದುಂಟು. ಆ ಬಣ್ಣದಲ್ಲಿ ಒಂದು ಪಾಲು ಸಾಕ್ಷಾತ್ ನೀಲಿಯೇ.

ಇವೆಲ್ಲ ಸ್ವಾರಸ್ಯದ ಸಂಗತಿಗಳೇ ಸರಿ. ಇವು ಕೆಟ್ಟರೆ ಊರಿಗೆ ಊರು ಸಾಯುವುದಿಲ್ಲ. ಕೆಟ್ಟರೆ ಸಾಯಿಸುವ ಕವಲೊಂದು ಹೆದ್ದಾರಿಯ ಮಧ್ಯದಲ್ಲಿಯೇ ಇದೆ. ಅದನ್ನು ತಿಳಿಯಲು ಒಂದು ಕೆರೆಯನ್ನು ಕಲ್ಪಿಸಿಕೊಳ್ಳಬೇಕು.

ಕೆರೆಯ ನೀರು ತೂಬಿನ ಮೂಲಕ ಕ್ರಮವಾಗಿ ಗದ್ದೆಗೆ ಹರಿಯುತ್ತದೆ. ಒಳಹರಿವು ತೂಬಿನ ಶಕ್ತಿಗೆ ಮೀರಿದರೆ ನೀರು ಏರುತ್ತ ಏರುತ್ತ ಕೋಡಿ ಬೀಳುತ್ತದೆ. ಕಿನ್ಯುರೆನಿನ್ ಮಾರ್ಗದ ಕೆಳಭಾಗದಲ್ಲಿ ಇಂಥದೊಂದು ಕೆರೆಯಿದೆ. ಅಲ್ಲಿ ನಿಲ್ಲುವುದು ಬಹಳ ಅಸ್ಥಿರವಾದ ಒಂದು ವಸ್ತು; ಉದ್ದವಾದ ಅದರ ಹೆಸರನ್ನು ಬಿಟ್ಟರೆ ವಾಚಕರಿಗೆ ನಷ್ಟವಿಲ್ಲ. ಒಂದು ಕಿಣ್ವ ತೂಬಿನಂತೆ ಅದನ್ನು ಬೇಗಬೇಗ ಸಾಗಹಾಕಿ, ಕೊನೆಗೆ ಉರುವಲಾಗಿಸುತ್ತದೆ. ಆ ಕಿಣ್ವಕ್ಕೆ ಕೈತುಂಬ ಕೆಲಸವಾಗಿ ಸ್ವಲ್ಪ ವಸ್ತು ಹಿಂದೆ ಉಳಿದರೆ, ಅದು ಯಾರ ಸಹಾಯವೂ ಇಲ್ಲದೆ ತಾನೇ ಬಾಗಿ, ಉಂಗುರವಾಗಿ, ಕ್ವಿನೊಲಿನಿಕ್ ಆಮ್ಲವೆಂಬುದಾಗುತ್ತದೆ. ಆ ಆಮ್ಲದಿಂದ ದೇಹ ಪಡೆಯುವ ಸಂಯುಕ್ತಗಳು ನಯಾಸಿನ್ ಎಂಬ ಜೀವಸತ್ವದಿಂದ ಸಿಗುವ ಸಂಯುಕ್ತಗಳೇ. ಅವಿಲ್ಲದೆ ಯಾವ ಜೀವಕೋಶವೂ ಉಸಿರಾಡದು. ಇಂಥ ಅಗತ್ಯದ ಪದಾರ್ಥಕ್ಕೆ ಪ್ರಕೃತಿ ಒಂದು ರಾಜಮಾರ್ಗವನ್ನು ಕಟ್ಟಿಸಿರಬಹುದೆಂದು ನಾವು ಎಣಿಸುತ್ತೇವೆ. ಇಲ್ಲ; ಅದು ಕೋಡಿಯ ನೀರು. ಕಿಣ್ವದ ಕಣ್ಣು ತಪ್ಪಿಸಿ ಹರಿದುದು.

ಎಷ್ಟು ಹರಿಯುತ್ತದೆ? ಅಳೆದವರ ಲೆಕ್ಕದಂತೆ ೬೦ ಮಿಲಿಗ್ರಾಂ ಟ್ರಿಪ್ಟೊಫಾನಿಗೆ ೧ ಮಿಲಿಗ್ರಾಂ ನಯಾಸಿನ್. ದಿನಕ್ಕೆ ಸುಮಾರು ೯೦೦ ಮಿಲಿಗ್ರಾಂ ಟ್ರಿಪ್ಟೊಫಾನ್ ಉಣ್ಣುವವನಿಗೆ ಈ ಕೋಡಿಯಿಂದ ೧೫ ಮಿಲಿಗ್ರಾಂ ದೊರೆತೀತು. ಒಬ್ಬ ವಯಸ್ಕನಿಗೆ ದಿನಕ್ಕೆ ಬೇಕಾದುದೂ ಹೆಚ್ಚು ಕಡಿಮೆ ಅಷ್ಟೇ. ಒಳಹರಿವು ತಗ್ಗಿದರೆ ಮೊದಲು ಒಣಗುವುದು ತೂಬಲ್ಲ, ಕೋಡಿ. ಬೆಕ್ಕಿನ ಜಾತಿಯಲ್ಲಿ ತೂಬು ಎಷ್ಟು ಬಲವಾಗಿದೆಯೆಂದರೆ ಕೋಡಿ ಬೀಳುವುದೇ ಇಲ್ಲವೆನ್ನಬೇಕು. ಆದ್ದರಿಂದ ಬೆಕ್ಕು ನಯಾಸಿನ್ನನ್ನು ಸಿದ್ಧರೂಪದಲ್ಲಿ ಮಾಂಸದಿಂದಲೇ ಪಡೆಯಬೇಕು. ಬೆಕ್ಕಿಗೆ ಸಂನ್ಯಾಸವನ್ನು ಬೋಧಿಸಿದ ಕಥೆಗಳು ನಮ್ಮಲ್ಲಿ ಹಾಸ್ಯಕ್ಕೆ ಹುಟ್ಟಿದವು. ಅದರ ಯಕೃತ್ತು ಸಹ ಒಪ್ಪುವುದಿಲ್ಲವೆಂದು ಈಗ ತಿಳಿಯಿತು.

ಇನ್ನೊಂದು ಅಪರೂಪದ ರೋಗ ಈ ನೀರಿನ ಲೆಕ್ಕವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಕಾರ್ಸಿನಾಯ್ಡ್ ಎಂಬ ಗಡ್ಡೆ ಬೆಳೆದವರಲ್ಲಿ, ನೂರಕ್ಕೆ ಒಂದೆರಡು ಪಾಲು ಹೋಗಬೇಕಾದ ಸೆರೊಟೊನಿನ್ ಕಾಲುವೆಗೆ ಕೆಲವೊಮ್ಮೆ ಅರವತ್ತು ಪಾಲಿನವರೆಗೂ ಟ್ರಿಪ್ಟೊಫಾನ್ ನುಗ್ಗುತ್ತದೆ. ಮೇಲಿನವರು ಹೊಳೆಯನ್ನು ತಿರುಗಿಸಿಕೊಂಡರೆ ಕೆಳಗಿನ ಕೆರೆ ತುಂಬುವುದೆಂತು? ಅಂಥ ರೋಗಿಗಳಲ್ಲಿ ಕೆಲವರಿಗೆ ಊಟದಲ್ಲಿ ಕೊರತೆಯಿಲ್ಲದಿದ್ದರೂ ಪೆಲಾಗ್ರ ಕಾಣಿಸಿಕೊಳ್ಳುತ್ತದೆ.

ಕಥೆಯ ಆರಂಭದಲ್ಲಿ ಹೇಳಿದ ಪಿಡುಗು ಇದೇ ಪೆಲಾಗ್ರ. ೧೭೩೫ರಲ್ಲಿ ಸ್ಪೇನಿನ ವೈದ್ಯ ಕಾಸಾಲ್ ಅದನ್ನು ಮೊದಲು ಗುರುತಿಸಿದರು. ಬಿಸಿಲು ಬಿದ್ದ ಕೈಕಾಲುಗಳ ಚರ್ಮ ಕೆಂಪೇರಿ, ಕಪ್ಪಾಗಿ, ಒರಟಾಗಿ ಬಿರಿಯುತ್ತದೆ. ಕೊರಳ ಸುತ್ತ ಬೀಳುವ ಪಟ್ಟಿಗೆ ಇಂದಿಗೂ ಕಾಸಾಲನ ಕಂಠಹಾರವೆಂದೇ ಹೆಸರು. ಚರ್ಮದ ಹಿಂದೆ ಭೇದಿ, ಭೇದಿಯ ಹಿಂದೆ ಬುದ್ಧಿಭ್ರಮಣೆ, ಅದರ ಹಿಂದೆ ಮೃತ್ಯು. ಹೊಸಜಗತ್ತಿನಿಂದ ಬಂದ ಮೆಕ್ಕೆಜೋಳವನ್ನೇ ನೆಚ್ಚಿ ಬದುಕಿದ ಸ್ಪೇನ್, ಇಟಲಿಗಳ ಬಡರೈತರಲ್ಲಿ ಇದು ಬೇರೂರಿತು. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಸುಮಾರು ೩೦ ಲಕ್ಷ ಜನರನ್ನು ಹಿಡಿದು ಸುಮಾರು ಒಂದು ಲಕ್ಷ ಜನರನ್ನು ಕೊಂದಿತೆಂದು ಲೆಕ್ಕ. ಕ್ರಿಮಿಯಿಂದ ಬರುವ ರೋಗವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಸರ್ಕಾರಿ ವೈದ್ಯರು, ಇದು ಊಟದ ಬಡತನದಿಂದ ಬಂದುದೆಂದು ವಾದಿಸಿದರು. ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಕೊಂಡು ಅದು ಅಂಟುವುದಿಲ್ಲವೆಂದು ತೋರಿಸಿದರು. ಅಮೈನೋ ಆಮ್ಲವೊಂದರ ಕೊರತೆಯೇ ಕಾರಣವಿರಬಹುದೆಂದು ೧೯೨೨ರ ಹೊತ್ತಿಗೇ ಅವರು ಶಂಕಿಸಿದ್ದರು. ಅನಂತರ ೧೯೩೭ರಲ್ಲಿ ಎಲ್ವೆಜೆಮ್, ನಯಾಸಿನ್ ಕೊಟ್ಟು ನಾಯಿಗಳ ಕರಿನಾಲಿಗೆ ರೋಗವನ್ನು ಗುಣಪಡಿಸಿದಾಗ ಎಲ್ಲವೂ ತೀರಿತೆಂದು ಜನ ಎಣಿಸಿದರು. ತೀರಿರಲಿಲ್ಲ. ಹಾಲಿನಲ್ಲಿ ನಯಾಸಿನ್ ಬಹಳ ಕಡಿಮೆ. ಆದರೂ ಹಾಲು ಕುಡಿಸಿದರೆ ಪೆಲಾಗ್ರ ವಾಸಿಯಾಗುತ್ತದೆ, ಏಕೆ? ೧೯೪೫ರಲ್ಲಿ ಎಲ್ವೆಜೆಮ್ಮರ ಪ್ರಯೋಗಶಾಲೆಯಿಂದಲೇ ಉತ್ತರ ಬಂದಿತು. ಕ್ರೆಲ್, ಟೆಪ್ಲಿ, ಶರ್ಮ, ಎಲ್ವೆಜೆಮ್ ಎಂಬ ನಾಲ್ವರು, ಇಲಿಗಳಲ್ಲಿ ನಯಾಸಿನ್ ಮಾಡುವ ಕೆಲಸವನ್ನು ಟ್ರಿಪ್ಟೊಫಾನ್ ಮಾಡಬಲ್ಲುದೆಂದು ತೋರಿಸಿದರು. ಹಾಲಿನಲ್ಲಿದ್ದುದು ಟ್ರಿಪ್ಟೊಫಾನ್, ಕೋಡಿ ಹರಿಸಿದುದು ಅದೇ.

ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ಕಡಿಮೆ, ಇರುವ ನಯಾಸಿನ್ ಸಹ ಬಿಗಿಯಾಗಿ ಕಟ್ಟಿಹಾಕಿದಂತಿದ್ದು ಮೈಗೆ ಹತ್ತುವುದಿಲ್ಲ. ಮೆಕ್ಸಿಕೋದ ಜನರು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಕಟ್ಟನ್ನು ಬಿಚ್ಚುವ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲವರು. ಕಾಳನ್ನು ಹಡಗಿನಲ್ಲಿ ತುಂಬಿಕೊಂಡು ಬಂದ ಯೂರೋಪಿನವರು ಅಡುಗೆಯನ್ನು ಮಾತ್ರ ಅಲ್ಲಿಯೇ ಬಿಟ್ಟುಬಂದರು.

ಇಷ್ಟಕ್ಕೆ ಮೆಕ್ಕೆಜೋಳದ ಕಥೆ ಮುಗಿಯಿತು. ಆದರೆ ದಕ್ಖನ್ ಪ್ರಸ್ಥಭೂಮಿಯಲ್ಲಿ, ಮೆಕ್ಕೆಜೋಳ ತಿನ್ನದ ಬಡವರಲ್ಲಿಯೂ ಪೆಲಾಗ್ರ ಕಾಣುತ್ತಿತ್ತು. ಅವರು ತಿನ್ನುತ್ತಿದ್ದುದು ನಮ್ಮ ಜೋಳ. ಹಳಗನ್ನಡದಲ್ಲಿ ಒಡೆಯನ ಅನ್ನದ ಋಣಕ್ಕೇ ‘ಜೋಳವಾಳಿ’ ಎಂದು ಹೆಸರು. ಉಂಡ ಜೋಳಕ್ಕಾಗಿ ತಲೆ ಕೊಟ್ಟ ವೀರರ ನಾಡು ಇದು. ಆ ಜೋಳದಲ್ಲಿಯೇ ದೋಷವಿದೆಯೆಂದರೆ ನಂಬುವುದು ಹೇಗೆ? ವಿಜ್ಞಾನಿಗಳಿಗೂ ಅದೇ ತೊಡಕಾಯಿತು. ಜೋಳದಲ್ಲಿ ಟ್ರಿಪ್ಟೊಫಾನ್ ಮೆಕ್ಕೆಜೋಳದಲ್ಲಿರುವಷ್ಟು ಕಡಿಮೆಯಲ್ಲ. ಅದರ ನಯಾಸಿನ್ ಮೆಕ್ಕೆಜೋಳದ್ದರಂತೆ ಕಟ್ಟಿಗೊಳಗಾದುದಲ್ಲವೆಂದು ಅವರಿಗೆ ತೋರಿತ್ತು. ಲೆಕ್ಕದ ಪ್ರಕಾರ ರೋಗ ಬರಕೂಡದು. ಆಸ್ಪತ್ರೆಗೆ ರೋಗಿಗಳು ಬರುತ್ತಲೇ ಇದ್ದರು.

ಕೂನೂರಿನಿಂದ ೧೯೫೮ರಲ್ಲಿ ಹೈದರಾಬಾದಿಗೆ ಬಂದು ನೆಲೆಸಿದ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿ—ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ—ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಈ ಒಗಟಿಗೆ ಕೈಹಾಕಿದರು. ೧೯೬೦ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಕೊರತೆಯನ್ನು ಹುಡುಕುವುದನ್ನು ಬಿಟ್ಟು ಅವರು ಅತಿಶಯವನ್ನು ಹುಡುಕಿದ್ದರು. ಜೋಳಕ್ಕೂ ಮೆಕ್ಕೆಜೋಳಕ್ಕೂ ಸಮಾನವಾದುದು ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಎರಡರಲ್ಲಿಯೂ ಅದು ಮಿತಿಮೀರಿ ಇದೆ. ಈ ಲ್ಯೂಸಿನ್ ಟ್ರಿಪ್ಟೊಫಾನಿನಿಂದ ನಯಾಸಿನ್ ಆಗುವ ದಾರಿಗೆ ಅಡ್ಡ ಬರುತ್ತದೆಂಬುದು ಅವರ ವಾದ. ೧೯೬೩ರಲ್ಲಿ ಭವಾನಿ ಬೆಳವಾಡಿ ಅವರು ಇವರಿಬ್ಬರೊಡನೆ ಸೇರಿ, ಲ್ಯೂಸಿನ್ ಕೊಟ್ಟಾಗ ಮೂತ್ರದಲ್ಲಿ ಕ್ವಿನೊಲಿನಿಕ್ ಆಮ್ಲ ಹೆಚ್ಚುವುದನ್ನು ಗುರುತಿಸಿದರು. ಎಂದರೆ ಕೋಡಿಯೇನೋ ಬಿದ್ದಿದೆ, ಬಿದ್ದ ನೀರು ಮುಂದಿನ ಹೊಲಕ್ಕೆ ಹೋಗದೆ ಹಳ್ಳಕ್ಕೆ ಹರಿಯುತ್ತಿದೆ. ಜೋಳದ ಆಹಾರದಿಂದ ನಾಯಿಗಳಲ್ಲಿ ಕರಿನಾಲಿಗೆ ಬರುವುದನ್ನೂ ಅದೇ ಸಂಸ್ಥೆಯವರು ತೋರಿಸಿದರು. ಒಂದು ಶತಮಾನದ ಹಿಂದೆ ಲೀಬಿಗ್ಗರಿಗೆ ಮೂತ್ರ ಕೊಟ್ಟ ಪ್ರಾಣಿಯೇ ಇಲ್ಲಿಯೂ ಸಾಕ್ಷಿ ನುಡಿಯಿತು.

ಎಲ್ಲರೂ ಒಪ್ಪಿದರೆಂದಲ್ಲ. ಹೊರನಾಡುಗಳ ಪ್ರಯೋಗಶಾಲೆಗಳಲ್ಲಿ ಇಲಿಗಳಿಗೆ ಲ್ಯೂಸಿನ್ ತಿನ್ನಿಸಿ ನೋಡಿದವರಲ್ಲಿ ಕೆಲವರಿಗೆ ಅದೇ ಫಲ ದೊರೆಯಿತು, ಕೆಲವರಿಗೆ ದೊರೆಯಲಿಲ್ಲ. ಲ್ಯೂಸಿನ್ ಒಂದೇ ಕಾರಣವೋ, ಬಿ-೬ ಮೊದಲಾದ ಬೇರೆ ಜೀವಸತ್ವಗಳ ಅಭಾವವೂ ಕೂಡಿರಬೇಕೋ ಎಂಬ ವಾದ ಬೆಳೆಯಿತು. ಈ ಮಾರ್ಗದ ಒಂದು ಮುಖ್ಯ ಹೆಜ್ಜೆಗೆ ಬಿ-೬ ಬೇಕೇ ಬೇಕು. ಅದಿಲ್ಲದಿದ್ದರೆ ನೀರು ಕೆರೆಗೆ ಇಳಿಯುವ ಮೊದಲೇ ಪಕ್ಕದ ಓಣಿಗಳಿಗೆ ನುಗ್ಗುತ್ತದೆ. ನನ್ನ ಮಟ್ಟಿಗೆ ಹೈದರಾಬಾದಿನವರ ಹಿರಿಮೆ ವಾದದ ಗೆಲವಿನಲ್ಲಿಲ್ಲ. ಪರದೇಶದ ಧಾನ್ಯಕ್ಕಾಗಿ ಕಟ್ಟಿದ ಸಿದ್ಧಾಂತವನ್ನು ನಮ್ಮ ಹೊಲದ ಬೆಳೆಗೆ ಹಾಗೆಯೇ ತೊಡಿಸಿ ಸುಮ್ಮನಾಗದೆ, ಬಡವನ ರೊಟ್ಟಿಯನ್ನೇ ಪ್ರಯೋಗಶಾಲೆಗೆ ಒಯ್ದು ಕೇಳಿದರಲ್ಲ, ಅದು ದೊಡ್ಡದು. ಗೋಪಾಲನ್ನರು ೨೦೧೯ರಲ್ಲಿ, ನೂರು ವರ್ಷ ತುಂಬಿದ ಬಾಳನ್ನು ಮುಗಿಸಿದರು.

ಪಡಿತರದ ಅಕ್ಕಿ ಗೋದಿಗಳು ಹಳ್ಳಿಗಳನ್ನು ತಲುಪಿ ಊಟದ ಬಗೆ ಬದಲಾದ ಮೇಲೆ ದಕ್ಖನ್ನಿನಲ್ಲಿ ಪೆಲಾಗ್ರ ಅಪರೂಪವಾಗಿದೆ. ಇಂದು ಜೋಳ ಪಟ್ಟಣದ ಅಂಗಡಿಗಳಲ್ಲಿ ಸಿರಿಧಾನ್ಯಗಳ ಸಾಲಿನಲ್ಲಿ ಕುಳಿತು ಬೆಲೆ ಏರಿಸಿಕೊಂಡಿದೆ. ಇದನ್ನು ಓದಿ ವಿಜಯಪುರ, ಕಲಬುರಗಿಗಳ ಕಡೆಯ ಯಾರೂ ರೊಟ್ಟಿಯನ್ನು ಅನುಮಾನದಿಂದ ನೋಡಬೇಕಾದುದಿಲ್ಲ. ರೋಗ ಹಿಡಿದುದು ರೊಟ್ಟಿ ಉಂಡವರನ್ನಲ್ಲ, ರೊಟ್ಟಿಯೊಂದನ್ನೇ ಉಂಡವರನ್ನು. ಆ ಸೀಮೆಯ ತಾಯಂದಿರು ರೊಟ್ಟಿಯ ಮೇಲೆ ಬಡಿಸುವ ಕಾಳುಪಲ್ಯದಲ್ಲಿಯೂ ಮೊಸರಿನಲ್ಲಿಯೂ ಟ್ರಿಪ್ಟೊಫಾನ್ ಇದೆ. ಅಂಚಿಗೆ ಹಾಕುವ ಶೇಂಗಾ ಹಿಂಡಿಯಲ್ಲಂತೂ ನಯಾಸಿನ್ನೇ ಸಿದ್ಧವಾಗಿದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು ೧೨ ಮಿಲಿಗ್ರಾಂ.